ಬಡಿಸುವವಳು ಕೂರುವುದು ಯಾವಾಗ?

ಬಡಿಸುವುದು ನಮ್ಮ ಸಂಸ್ಕೃತಿ ಎಂದು ಹೊಗಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಗಳುವ ಹೊತ್ತಿಗೆ ಅವರೆಲ್ಲ ಎಲೆಯ ಮುಂದೆ ಕೂತಿರುತ್ತಾರೆ. ಸೌಟು ಹಿಡಿದು ನಿಂತವರ ಬಾಯಿಂದ ಆ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಇದೊಂದು ಸಣ್ಣ ವಿಷಯ ಎಂದು ನಿಮಗನ್ನಿಸಬಹುದು. ಊಟದ ವಿಷಯಕ್ಕೆ ಜಗಳವೇ, ಅದೂ ಈ ವಯಸ್ಸಿನಲ್ಲಿ, ಎಂದು ನಮ್ಮ ಮನೆಯವರೂ ಕೇಳಿದರು. ಹೌದು, ಜಗಳವೇ. ದಿನಕ್ಕೆ ಮೂರು ಸಲದಂತೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ನಡೆಯುವುದು ಸಣ್ಣ ವಿಷಯ ಹೇಗಾಗುತ್ತದೆ?

ಈ ಜಗಳಕ್ಕೆ ನೆಪವಾದದ್ದು ಜಪಾನಿನ ಒಂದು ಹೋಟೆಲು. 2024ರಲ್ಲಿ ತೋಕಿಯೊದಲ್ಲಿರುವ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬಂದೆ. ಬಂದ ಮೇಲೆ ಇಲ್ಲೇ ರವೀಂದ್ರನಗರದಲ್ಲಿರುವ ದೊಡ್ಡಪ್ಪನ ಮಗನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಲ್ಲಿ ಏನು ನೋಡಿದೆ, ಏನು ತಿಂದೆ ಎಂದು ಎಲ್ಲರೂ ಕೇಳಿದರು. ಫ್ಯೂಜಿ ಪರ್ವತದ ಬಗ್ಗೆ ಹೇಳಿದೆ. ಯಾರಿಗೂ ಅಷ್ಟೇನೂ ರುಚಿಸಲಿಲ್ಲ. ಬೆಲ್ಟಿನ ಮೇಲೆ ತಟ್ಟೆಗಳು ತಾವಾಗಿ ನಮ್ಮ ಮುಂದೆ ಬರುವ ಸುಶಿ ಹೋಟೆಲಿನ ಬಗ್ಗೆ ಹೇಳಿದಾಗ ಮಾತ್ರ ಎಲ್ಲರ ಕಿವಿ ನಿಮಿರಿತು. ಊಟ ಮುಗಿಸಿ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ನಮ್ಮಣ್ಣ, “ಪಾಪ ಕಣೇ, ಆ ಜನಕ್ಕೆ ಬಡಿಸೋರೇ ಇಲ್ಲ. ಗೋದಲಿಗೆ ಹುಲ್ಲು ಹಾಕಿದ ಹಾಗಾಯ್ತು. ನಾವು ಹಾಗಲ್ಲ, ಕೈಯಾರೆ ಪ್ರೀತಿಯಿಂದ ಬಡಿಸ್ತೀವಿ” ಎಂದ. ಬಡಿಸ್ತೀವಿ ಎಂದ, ಗಮನಿಸಿ. ಅದೇ ಹೊತ್ತಿಗೆ ಒಳಗೆ ನಮ್ಮತ್ತಿಗೆ ಮೂರನೆಯ ಪಂಕ್ತಿಗೆ ಸಾರು ಬಿಸಿ ಮಾಡುತ್ತಿದ್ದರು. ಗಂಟೆ ಮೂರೂಕಾಲು. ಅವರ ಊಟ ಇನ್ನೂ ಆಗಿರಲಿಲ್ಲ.

ನೋಡದವರಿಗಾಗಿ ಆ ಹೋಟೆಲು ಹೇಗಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಸುಶಿ ಎಂದರೆ ವಿನಿಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನದ ಬೆರಳುದ್ದದ ಉಂಡೆ, ಅದರ ಮೇಲೆ ಮೀನಿನ ಒಂದು ತೆಳು ಹೋಳು. ಸಾಮಾನ್ಯವಾಗಿ ಹಸಿ ಮೀನು. ನಾನು ಮೀನು ತಿನ್ನುವ ಮನೆಯವಳೇ. ಆದರೂ ಹಸಿಯದು ಗಂಟಲಲ್ಲಿ ಇಳಿಯಲೊಲ್ಲದು. ಬೇಯಿಸಿದ ಸೀಗಡಿಯದು, ಸಿಹಿ ಮೊಟ್ಟೆಯದು, ಸೌತೆಕಾಯಿ ಇಟ್ಟು ಸುತ್ತಿದ್ದು, ಸೋಯಾ ಪನೀರು ಕರಿದು ಚೀಲದಂತೆ ಮಾಡಿ ಒಳಗೆ ಅನ್ನ ತುಂಬಿದ್ದು, ಇಷ್ಟರಲ್ಲೇ ನನ್ನ ಊಟ ಮುಗಿಯಿತು. ಮೇಜುಗಳ ಪಕ್ಕದಲ್ಲೇ ಒಂದು ಬೆಲ್ಟು ಸದ್ದಿಲ್ಲದೆ ಹರಿಯುತ್ತಿರುತ್ತದೆ. ಅದರ ಮೇಲೆ ಮುಚ್ಚಳ ಹಾಕಿದ ಪುಟ್ಟ ತಟ್ಟೆಗಳು ಒಂದರ ಹಿಂದೆ ಒಂದು. ಬೇಕಾದದ್ದನ್ನು ಎತ್ತಿಕೊಂಡರಾಯಿತು, ಬೇಡವಾದದ್ದು ಮುಂದಿನ ಮೇಜಿಗೆ ಹೋಗುತ್ತದೆ. ಚಹದ ಪುಡಿ ಮೇಜಿನ ಮೇಲೆ, ಬಿಸಿನೀರಿನ ನಲ್ಲಿಯೂ ಮೇಜಿಗೇ. ಕೊನೆಗೆ ಖಾಲಿ ತಟ್ಟೆಗಳ ಲೆಕ್ಕವೇ ಬಿಲ್ಲು. ನಿಮ್ಮನ್ನು ಯಾರೂ ಕೇಳುವುದಿಲ್ಲ, ನೀವೂ ಯಾರನ್ನೂ ಕೂಗಿ ಕರೆಯಬೇಕಾಗಿಲ್ಲ.

ಆದರೆ ನಾನು ನೋಡುತ್ತ ಕೂತದ್ದು ಬೆಲ್ಟನ್ನಲ್ಲ. ಎದುರಿನ ಮೇಜಿನಲ್ಲಿ ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳ ಒಂದು ಸಂಸಾರ ಕೂತಿತ್ತು. ಐದೂ ಜನ ಒಟ್ಟಿಗೆ ತಿನ್ನುತ್ತಿದ್ದರು. ಒಬ್ಬರೂ ಎದ್ದು ನಿಂತಿರಲಿಲ್ಲ. ತಾಯಿಯಾದವಳು ಒಂದು ಕೈಯಲ್ಲಿ ಕಡ್ಡಿ ಹಿಡಿದು, ಇನ್ನೊಂದು ಕೈಯನ್ನು ಕೆನ್ನೆಗಿಟ್ಟು, ನಿಧಾನವಾಗಿ ಅಗಿಯುತ್ತ ಏನೋ ಯೋಚಿಸುತ್ತಿದ್ದಳು. “ಏನಮ್ಮ, ಹಾಗೆ ನೋಡ್ತಿದೀಯ?” ಎಂದು ಮಗಳು ಕೇಳಿದಳು. “ಅವಳು ತಿಂತಿದಾಳೆ ಕಣೇ” ಎಂದೆ. ಮಗಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಈ ಬೆಲ್ಟನ್ನು ಹೋಟೆಲಿಗೆ ತಂದವನು ಯೊಶಿಆಕಿ ಶಿರಾಇಶಿ ಎಂಬ ಸುಶಿ ಅಂಗಡಿಯವನು. ಒಸಾಕಾದ ಹತ್ತಿರ, ಸಣ್ಣ ಸಣ್ಣ ಕಾರ್ಖಾನೆಗಳ ಪ್ರದೇಶದಲ್ಲಿ ಅವನ ಅಂಗಡಿ. ಗಿರಾಕಿಗಳು ಬೇಕಾದಷ್ಟು, ಕೆಲಸದವರು ಸಾಲದು, ಕೆಲಸದವರಿಗೆ ಸಂಬಳ ಕೊಟ್ಟರೆ ಅಗ್ಗಕ್ಕೆ ಮಾರಲಾಗದು. ಬಿಯರ್ ಕಾರ್ಖಾನೆಯೊಂದರಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಬರುವುದನ್ನು ನೋಡಿದಾಗ ಅವನಿಗೆ ಉಪಾಯ ಹೊಳೆಯಿತು. ಹೊಳೆದದ್ದು ಬೇಗ, ಆದದ್ದು ತಡವಾಗಿ. ಮೂಲೆಯಲ್ಲಿ ತಟ್ಟೆ ಬೀಳದಂತೆ ಬೆಲ್ಟು ತಿರುಗಬೇಕು. ಬೇಗ ಓಡಿದರೆ ಕೈಗೆ ಸಿಗುವುದಿಲ್ಲ, ತೆವಳಿದರೆ ತಿನ್ನುವವನಿಗೆ ತಾಳ್ಮೆಯಿಲ್ಲ. ಕೊನೆಗೆ ಸೆಕೆಂಡಿಗೆ 8 ಸೆಂಟಿಮೀಟರ್ ವೇಗ ಸರಿ ಎಂದು ಗೊತ್ತುಮಾಡಿಕೊಂಡು 1958ರಲ್ಲಿ ಅಂಗಡಿ ತೆರೆದ. 1970ರ ಒಸಾಕಾ ವಸ್ತುಪ್ರದರ್ಶನದಲ್ಲಿ ಇದು ಲಕ್ಷಾಂತರ ಜನರ ಕಣ್ಣಿಗೆ ಬಿದ್ದು ದೇಶದ ತುಂಬ ಹರಡಿತು. ಶಿರಾಇಶಿ 2001ರಲ್ಲಿ ತೀರಿಕೊಂಡ. ಇಷ್ಟರಲ್ಲಿ ಎಲ್ಲಿಯೂ ಪ್ರೀತಿಯ ಪ್ರಸ್ತಾಪ ಬರಲಿಲ್ಲ, ಸಮಾನತೆಯದೂ ಬರಲಿಲ್ಲ. ಅವನು ಹುಡುಕಿದ್ದು ಲಾಭವನ್ನು. ಆದರೆ ಲಾಭಕ್ಕೆಂದು ತೋಡಿದ ಬಾವಿಯಲ್ಲೂ ನೀರು ಸಿಹಿಯಾಗಿರಬಹುದಲ್ಲ!

ಹಳೆಯ ಸಂಪ್ರದಾಯದ ಸುಶಿ ಅಂಗಡಿಗಳ ವಿಷಯ ಬೇರೆಯಂತೆ. ಅನೇಕ ಕಡೆ ಬೆಲೆಪಟ್ಟಿಯೇ ಇರುವುದಿಲ್ಲ. ಕಟ್ಟೆಯ ಆಚೆ ನಿಂತ ಬಾಣಸಿಗ, ಈಚೆ ಕೂತ ದುಡ್ಡಿನ ಗಂಡಸರು, ಅವರವರದೇ ಪರಿಚಯ, ಅವರವರದೇ ಮಾತು. ಸಾಮಾನ್ಯ ಮನೆಯ ಹೆಂಗಸು ಮಕ್ಕಳನ್ನು ಕರೆದುಕೊಂಡು ಧೈರ್ಯವಾಗಿ ಒಳಗೆ ಹೋಗುವ ಜಾಗವಲ್ಲ ಅದು. ಕಟ್ಟೆಯ ಆಚೆ ಹೆಂಗಸು ನಿಲ್ಲುವುದಂತೂ ದೂರದ ಮಾತು. ಹೆಂಗಸಿನ ಕೈ ಬೆಚ್ಚಗಿರುತ್ತದೆ, ಮೀನು ಕೆಡುತ್ತದೆ ಎಂದು ಒಂದು ನಂಬಿಕೆ. ಜಿರೊ ಓನೊ ಎಂಬ ಜಗತ್ಪ್ರಸಿದ್ಧ ಬಾಣಸಿಗರ ಹಿರಿಯ ಮಗ, ತಾನೂ ಬಾಣಸಿಗನೇ, 2011ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಹೇಳಿದ ಕಾರಣ ಇನ್ನೂ ಚೆನ್ನಾಗಿದೆ. ತಿಂಗಳ ಮುಟ್ಟಿನಿಂದಾಗಿ ಹೆಂಗಸರ ನಾಲಿಗೆಯ ರುಚಿ ಏರುಪೇರಾಗುತ್ತದೆ, ಆದ್ದರಿಂದ ಅವರು ಸುಶಿ ಮಾಡಲಾರರು ಎಂದ. ಓದಿದಾಗ ನಮ್ಮೂರಿನವರೇ ಯಾರೋ ಮಾತಾಡಿದಂತಾಯಿತು. ಈ ಮಾತು ಬರುವ ಮುಂಚೆಯೇ, 2010ರಲ್ಲಿ, ತೋಕಿಯೊದ ಅಕಿಹಾಬಾರಾದಲ್ಲಿ ಹೆಂಗಸರೇ ಬಾಣಸಿಗರಾದ ಸುಶಿ ಅಂಗಡಿಯೊಂದು ಶುರುವಾಗಿತ್ತು. ಅದಿರಲಿ. ಬೆಲ್ಟು ಬಂದಾಗ ಬೆಲೆ ಎದುರಿಗೇ ಕಾಣಿಸಿತು, ಯಾರ ಪರಿಚಯವೂ ಬೇಕಾಗಲಿಲ್ಲ, ಹೆಂಗಸರು ಮಕ್ಕಳು ಒಳಗೆ ಬಂದರು.

ನಮಗೇನೂ ಇದು ತಿಳಿಯದ ಕತೆಯಲ್ಲ. ಸಹ್ಯಾದ್ರಿ ಕಾಲೇಜಿನಲ್ಲಿ ಓದುತ್ತಿದ್ದಾಗ ನಾವು ನಾಲ್ಕು ಜನ ಹುಡುಗಿಯರು ಮಸಾಲೆ ದೋಸೆಗೆಂದು ಹೋದರೆ ಪರದೆ ಎಳೆದ ‘ಫ್ಯಾಮಿಲಿ ರೂಮ್’ಗೆ ಕಳಿಸುತ್ತಿದ್ದರು. ಒಬ್ಬಳೇ ಹೋಗುವ ಮಾತೇ ಇರಲಿಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ದರ್ಶಿನಿ ಎಂಬ ನಿಂತು ತಿನ್ನುವ ಹೋಟೆಲು ಶುರುವಾಗಿ ಆಮೇಲೆ ನಮ್ಮೂರುಗಳಿಗೂ ಆ ಪದ್ಧತಿ ಬಂದಾಗ ಹಿರಿಯರೆಲ್ಲ ಮೂಗು ಮುರಿದರು. ನಿಂತು ತಿನ್ನುವುದೇ, ಛೆ! ನಾನು ಮೂಗು ಮುರಿಯಲಿಲ್ಲ. ಟೋಕನ್ ತೆಗೆದುಕೊಂಡು, ಇಡ್ಲಿ ವಡೆ ಇಸಿದುಕೊಂಡು, ಯಾರ ಮುಖವನ್ನೂ ನೋಡದೆ ತಿಂದು ಶಾಲೆಗೆ ಹೋಗಿದ್ದೇನೆ. ನನ್ನಂಥ ಉಪಾಧ್ಯಾಯಿನಿಯರು, ನರ್ಸುಗಳು, ಬ್ಯಾಂಕಿನ ಹೆಣ್ಣುಮಕ್ಕಳು ಎಷ್ಟು ಜನ ಹಾಗೆ ತಿಂದರೋ. ನಿಂತು ತಿನ್ನುವುದು ಅವಮಾನ ಎಂದವರು, ಮನೆಯ ಅಡುಗೆಮನೆಯಲ್ಲಿ ನಿಂತೇ ತಿಂಡಿ ಮುಗಿಸುವವರನ್ನು ಯಾಕೋ ನೋಡಿಲ್ಲ.

ಈಗ ನಮ್ಮಣ್ಣನ ಪ್ರೀತಿಯ ಮಾತಿಗೆ ಬರುತ್ತೇನೆ. ಭಾನುವಾರ ಬೆಳಿಗ್ಗೆ ಯಾವುದಾದರೂ ಮನೆಗೆ ಹೋಗಿ ನೋಡಿ, ನಿಮ್ಮ ಮನೆಯೇ ಆದೀತು. ದೋಸೆ ಹುಯ್ಯುತ್ತಿದ್ದಾರೆ. ದೋಸೆಗೆ ಬಿಸಿಯಾಗಿರುವುದೇ ಧರ್ಮ, ಆರಿದರೆ ಅದು ದೋಸೆಯಲ್ಲ. ಆದ್ದರಿಂದ ಒಬ್ಬಳು ಕಾವಲಿಯ ಮುಂದೆ, ಉಳಿದವರು ಮೇಜಿನ ಮುಂದೆ. ಒಂದು ದೋಸೆ ಎದ್ದಿತು, ಮಾವನವರಿಗೆ. ಇನ್ನೊಂದು ಗಂಡನಿಗೆ. ಗರಿಯಾದದ್ದು ಮಗನಿಗೆ, ಮೆತ್ತಗಿರುವುದು ಅತ್ತೆಗೆ, ಹಲ್ಲಿಲ್ಲವಲ್ಲ. ಅಷ್ಟರಲ್ಲಿ ಮಾವನವರದು ಮುಗಿದಿರುತ್ತದೆ. ಚಟ್ನಿ ಸಾಕಾ, ಪಲ್ಯ ಬೇಕಾ? ಹೀಗೆ ಒಂದೂವರೆ ಗಂಟೆ. ಆ ಹೊತ್ತಿಗೆ ಚಟ್ನಿಯ ಪಾತ್ರೆಯ ತಳ ಕಾಣುತ್ತದೆ. ಉಳಿದ ಹಿಟ್ಟನ್ನು ಒಟ್ಟಿಗೆ ಹುಯ್ದು, ಅದು ದೋಸೆಯೂ ಅಲ್ಲದ ಉತ್ತಪ್ಪವೂ ಅಲ್ಲದ ಏನೋ ಒಂದಾಗಿ, ಅದನ್ನು ಒಲೆಯ ಪಕ್ಕದಲ್ಲಿ ನಿಂತು, ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಾಳೆ. ಜಪಾನಿನವರಿಗೆ ಬೆಲ್ಟಿದೆ, ನಮಗಿಲ್ಲ ಎಂದು ಯಾರು ಹೇಳಿದವರು? ನಮ್ಮ ಮನೆಮನೆಯಲ್ಲೂ ಬೆಲ್ಟಿದೆ. ಸೀರೆಯನ್ನೋ ನೈಟಿಯನ್ನೋ ಉಟ್ಟುಕೊಂಡು ಒಲೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ ತಿರುಗುತ್ತಿದೆ. ಕರೆಂಟು ಕೂಡ ಬೇಡ.

ಮೀನಿನ ಮನೆಯಲ್ಲಿ ಇನ್ನೊಂದು ಲೆಕ್ಕವಿದೆ. ನಡುವಿನ ತುಂಡು ಯಾರಿಗೆ, ತಲೆ ಯಾರಿಗೆ, ಬಾಲ ಯಾರಿಗೆ? ನಮ್ಮಮ್ಮನಿಗೆ ಬಾಲದ ತುಂಡೇ ಇಷ್ಟ ಎಂದು ನಾವು ಮಕ್ಕಳೆಲ್ಲ ನಂಬಿದ್ದೆವು. ಅಮ್ಮನೇ ಹಾಗೆ ಹೇಳುತ್ತಿದ್ದಳು.

ಇದೆಲ್ಲ ಪ್ರೀತಿ, ಪ್ರೀತಿಗೆ ಲೆಕ್ಕ ಹಾಕಬಾರದು ಎನ್ನುತ್ತಾರೆ. ಸರಿ, ಹಾಕುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಬಡಿಸುವುದು ಹೆಣ್ಣಿನ ಪ್ರೀತಿಯ ಸಹಜ ಗುಣವಾದರೆ, ಕಲ್ಯಾಣಮಂಟಪದಲ್ಲಿ ಸೊಂಟಕ್ಕೆ ಟವೆಲ್ಲು ಬಿಗಿದು ಬಡಿಸುವವರು ಗಂಡಸರೇ ಯಾಕೆ? ಸಾವಿರ ಜನಕ್ಕೆ ಅಡುಗೆ ಮಾಡುವ ಭಟ್ಟರು ಗಂಡಸರೇ ಯಾಕೆ? ಹೋಟೆಲಿನ ಒಲೆಯ ಮುಂದೆ ದೋಸೆ ಹುಯ್ಯುವವನು ಗಂಡಸೇ ಯಾಕೆ? ಅಲ್ಲಿ ದುಡ್ಡಿದೆ. ದುಡ್ಡಿದ್ದಲ್ಲಿ ಗಂಡಸಿನ ಕೈ, ಪ್ರೀತಿಯಿದ್ದಲ್ಲಿ ಹೆಂಗಸಿನ ಕೈ. ಎಷ್ಟು ಚೆನ್ನಾಗಿ ಹಂಚಿಕೆಯಾಗಿದೆ ನೋಡಿ. ಹೆಂಗಸರೇ ಅಡುಗೆ ಮಾಡುವ ಸರಕಾರಿ ಕೆಲಸ ಒಂದಿದೆ, ಶಾಲೆಯ ಬಿಸಿಯೂಟ. ಹುಡುಗ ಹುಡುಗಿ ಎನ್ನದೆ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ನಾನು ಶಾಲೆಯಲ್ಲಿ ವರ್ಷಗಟ್ಟಲೆ ಕಣ್ತುಂಬ ನೋಡಿದ್ದೇನೆ. ಅದರಷ್ಟು ಒಳ್ಳೆಯ ಪಂಕ್ತಿ ಇನ್ನೊಂದಿಲ್ಲ. ಆದರೆ ಅಡುಗೆ ಮಾಡುವ ಆ ಹೆಂಗಸರಿಗೆ ಕೊಡುವುದು ಸಂಬಳವಲ್ಲ. ಅದರ ಹೆಸರು ಗೌರವಧನ.

ಶಿರಾಇಶಿಯ ಕತೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ಕೈಗಳು ಸಾಲದೆ ಬಂದಾಗ ಅವನು ಯಂತ್ರ ಹುಡುಕಿದ, ಯಾಕೆಂದರೆ ಆ ಕೈಗಳಿಗೆ ಸಂಬಳ ಕೊಡಬೇಕಾಗಿತ್ತು. ಮನೆಯಲ್ಲಿ ಕೈ ಸಾಲದೆ ಬಂತು ಎಂದು ಯಾರಿಗಾದರೂ ಅನ್ನಿಸಿದ್ದುಂಟೇ? ಇರುವ ಎರಡು ಕೈಗೇ ಇನ್ನಷ್ಟು ಕೆಲಸ. ಒರಳು ಕಲ್ಲು ಹೋಗಿ ಮಿಕ್ಸಿ, ಗ್ರೈಂಡರು ಬಂದವಲ್ಲ ಎನ್ನಬಹುದು. ಬಂದವು ನಿಜ, ಆದರೆ ಬಂದ ದಿನ ಏನಾಯಿತು ನೆನಪಿದೆಯೇ? ಒರಳಲ್ಲಿ ರುಬ್ಬಿದ ರುಚಿ ಇದರಲ್ಲಿಲ್ಲ ಎಂದರು, ಒಂದು ದಿನವೂ ಗುಂಡುಕಲ್ಲು ತಿರುವದವರು. ಮುಂದೆ ಪ್ಯಾಕೆಟ್ಟಿನ ಹಿಟ್ಟು ಬಂದಾಗಲೂ ಅದೇ ಮಾತು.

ಜಪಾನನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಬೆಲ್ಟು ಹೋಟೆಲಿನ ಬಾಗಿಲು ದಾಟಿ ಮನೆಗೆ ಬರಲಿಲ್ಲ. 2021ರ ಅವರ ಸರಕಾರದ ಸಮೀಕ್ಷೆಯ ಪ್ರಕಾರ ಆರು ವರ್ಷದೊಳಗಿನ ಮಗುವಿರುವ ಮನೆಗಳಲ್ಲಿ ಹೆಂಡತಿ ಮನೆಗೆಲಸಕ್ಕೂ ಮಕ್ಕಳಿಗೂ ದಿನಕ್ಕೆ 7 ಗಂಟೆ 28 ನಿಮಿಷ ಕೊಡುತ್ತಾಳೆ, ಗಂಡ 1 ಗಂಟೆ 54 ನಿಮಿಷ. ನಾನು ನೋಡಿದ ಆ ತಾಯಿ ಕೆನ್ನೆಗೆ ಕೈಯಿಟ್ಟು ಯೋಚಿಸುತ್ತಿದ್ದದ್ದು ಬಹುಶಃ ಮನೆಗೆ ಹೋದ ಮೇಲೆ ಒಗೆಯಬೇಕಾದ ಬಟ್ಟೆಯನ್ನೇ ಇರಬಹುದು. ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾಳೆ, ಮಾಡುವ ಗಂಡಸು 88 ನಿಮಿಷ. ‘ಮಾಡುವ ಗಂಡಸು’ ಎಂಬ ಮಾತನ್ನು ಮರೆಯಬೇಡಿ. ಮಾಡದವನು ಈ ಲೆಕ್ಕದಲ್ಲೇ ಇಲ್ಲ.

ನಮ್ಮಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದರು. ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವಾಗ ರಾತ್ರಿ ಹತ್ತು ದಾಟುತ್ತಿತ್ತು. ಅಮ್ಮ ಕಾಯುತ್ತಿದ್ದಳು. ಅಪ್ಪ ಕಾಯಬೇಕೆಂದು ಹೇಳಿದವರಲ್ಲ, ಊಟ ಮಾಡು ಎಂದು ಹೇಳಿದವರೂ ಅಲ್ಲ. ಅವರು ಉಂಡು, ಕೈ ತೊಳೆದು, ಬೀಡಿ ಹಚ್ಚಿದ ಮೇಲೆ ಅಮ್ಮ ಅದೇ ತಟ್ಟೆಗೆ ಅನ್ನ ಹಾಕಿಕೊಂಡು, ಗೋಡೆಯ ಕಡೆಗೆ ತಿರುಗಿ ಕೂತು ಬೇಗಬೇಗ ಉಣ್ಣುತ್ತಿದ್ದಳು. ಯಾರಾದರೂ ಅನಿರೀಕ್ಷಿತವಾಗಿ ಬಂದ ದಿನ ಅವಳ ಪಾಲಿಗೆ ಉಳಿಯುತ್ತಿದ್ದದ್ದು ಮಜ್ಜಿಗೆ. ಐವತ್ತೆರಡನೆಯ ವಯಸ್ಸಿಗೆ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವಂತಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. “ಎಷ್ಟು ಹೊತ್ತಿಗೆ ಊಟ ಮಾಡ್ತೀರಮ್ಮ? ಏನೇನು ತಿಂತೀರಿ?” ಎಂದು ಡಾಕ್ಟರು ಕೇಳಿದರು. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಅದು ಒಂದು ಮನೆಯ ಕತೆ, ಆ ಕಾಲದ ಕತೆ ಎಂದು ತಳ್ಳಿಹಾಕಬೇಡಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ನೂರಕ್ಕೆ 19.6. ಇದಕ್ಕೆ ಕಾರಣ ಹಲವು. ಹೆರಿಗೆ, ಮುಟ್ಟು, ಬಡತನ ಎಲ್ಲವೂ ಇವೆ. ಕೊನೆಗೆ ಉಣ್ಣುವುದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲರದೂ ಆದ ಮೇಲೆ ಉಳಿದದ್ದು ಯಾರ ತಟ್ಟೆಗೆ ಬೀಳುತ್ತದೆಯೋ ಆ ತಟ್ಟೆಯಲ್ಲಿ ಸೊಪ್ಪು, ಕಾಳು, ಮೀನಿನ ನಡುವಿನ ತುಂಡು ಎಷ್ಟು ಉಳಿದಿರುತ್ತವೆ ಎಂದು ಲೆಕ್ಕ ಹಾಕಲು ಸಮೀಕ್ಷೆ ಬೇಕಿಲ್ಲ. ಸರಕಾರ ಕಬ್ಬಿಣದ ಮಾತ್ರೆ ಕೊಡುತ್ತದೆ. ಬೇಗ ಊಟಕ್ಕೆ ಕೂರಿಸುವ ಮಾತ್ರೆ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಇನ್ನು ಪಂಕ್ತಿಯ ವಿಷಯ. ಬಫೆ ಬಂದು ಪಂಕ್ತಿ ಊಟ ಹಾಳಾಯಿತು, ತಟ್ಟೆ ಹಿಡಿದು ಭಿಕ್ಷುಕರ ಹಾಗೆ ಸಾಲು ನಿಲ್ಲಬೇಕು ಎಂದು ಮದುವೆಗೆ ಹೋಗಿ ಬಂದವರೆಲ್ಲ ಗೊಣಗುತ್ತಾರೆ. ಎಲೆಯ ಮುಂದೆ ಕೂತು ಉಣ್ಣುವ ಸುಖ ನನಗೂ ಗೊತ್ತು. ಎಲೆಯ ತುದಿಯಲ್ಲಿ ಉಪ್ಪು, ಮೊದಲು ಕೋಸಂಬರಿ, ಆಮೇಲೆ ಪಲ್ಯ, ತುಪ್ಪ ಬಿದ್ದ ತೊವ್ವೆಯ ಅನ್ನ, ಯಾರಿಗೆ ಬೇಡ? ಆದರೆ ‘ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು’ ಎಂಬ ಗಾದೆಯನ್ನು ಮಾಡಿದವರೂ ನಾವೇ. ಬಡಿಸುವ ಕೈಗೆ ಪಕ್ಷಪಾತವಿದೆ ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಎಲೆಗೆ ಎರಡು ಹೋಳಿಗೆ, ಯಾರ ಎಲೆಗೆ ಒಂದು ಎಂಬುದು ಆ ಕೈಗೆ ತಿಳಿದಿತ್ತು. ಗಂಡಸರ ಪಂಕ್ತಿ ಮೊದಲು, ಹೆಂಗಸರದು ಆಮೇಲೆ; ಆಮೇಲಿನ ಪಂಕ್ತಿಗೆ ಪಾಯಸ ನೀರಾಗಿರುತ್ತಿತ್ತು. ಇನ್ನು ಯಾವ ಜಾತಿಯವರು ಒಳಗೆ, ಯಾವ ಜಾತಿಯವರು ಅಂಗಳದಲ್ಲಿ ಎಂಬುದಂತೂ ಪಂಕ್ತಿಯ ಮೊದಲ ಪಾಠ. ಅದು ಹಳೆಯ ಕಾಲದ್ದಲ್ಲವೇ ಎನ್ನುವವರು, ಉಡುಪಿಯ ಪಂಕ್ತಿಭೇದದ ಬಗ್ಗೆ 2014ರಲ್ಲಿಯೂ ಪತ್ರಿಕೆಗಳಲ್ಲಿ ವಾದವಿವಾದ ನಡೆದದ್ದನ್ನು ನೆನಪಿಸಿಕೊಳ್ಳಲಿ. ಬೆಲ್ಟಿನ ಮೇಲೆ ಬರುವ ತಟ್ಟೆ ನೀವು ಯಾರ ಪೈಕಿ ಎಂದು ಕೇಳುವುದಿಲ್ಲ. ಗೋದಲಿ ಎಂದು ನಮ್ಮಣ್ಣ ಹೇಳಿದನಲ್ಲ, ಗೋದಲಿಯಲ್ಲಿ ಕೂಡ ಎಲ್ಲ ದನಗಳೂ ಒಟ್ಟಿಗೇ ತಿನ್ನುತ್ತವೆ.

ಬೆಲ್ಟಿಗೆ ದೋಷವಿಲ್ಲವೆಂದಲ್ಲ. ತಿರುಗಿ ತಿರುಗಿ ಒಣಗಿದ ತಟ್ಟೆಗಳನ್ನು ಬಿಸಾಡಬೇಕಾಗುತ್ತದೆ. ಪರದೆಯ ಹಿಂದೆ ನಿಂತು ಆ ತಟ್ಟೆಗಳನ್ನು ತುಂಬುವವರೂ ಮನುಷ್ಯರೇ, ಅವರ ಕಾಲಿಗೂ ನೋವಿರುತ್ತದೆ. 2023ರ ಜನವರಿಯಲ್ಲಿ ಗಿಫು ನಗರದ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಸೋಯಾ ಸಾಸಿನ ಬಾಟಲಿಯನ್ನು ನೆಕ್ಕಿ, ಎಂಜಲು ಬೆರಳಿನಲ್ಲಿ ಬೆಲ್ಟಿನ ಮೇಲಿನ ಸುಶಿ ಮುಟ್ಟಿದ ವಿಡಿಯೊ ಹರಡಿ ದೇಶಕ್ಕೆ ದೇಶವೇ ಅಸಹ್ಯಪಟ್ಟುಕೊಂಡಿತು. ಎಷ್ಟೋ ಅಂಗಡಿಗಳು ಸುಮ್ಮನೆ ಸುತ್ತುವ ತಟ್ಟೆಗಳನ್ನು ನಿಲ್ಲಿಸಿ, ಕೇಳಿದ್ದನ್ನು ಮಾತ್ರ ಕೇಳಿದವರ ಮೇಜಿಗೆ ಕಳಿಸತೊಡಗಿದವು. ಎಂಜಲಿನ ಭಯ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು! ಆದರೆ ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣುವುದನ್ನು ಮಾತ್ರ ನಾವು ಎಂಜಲು ಎನ್ನುವುದಿಲ್ಲ, ಅದಕ್ಕೆ ಬೇರೆ ದೊಡ್ಡ ದೊಡ್ಡ ಹೆಸರುಗಳಿವೆ.

ನಮ್ಮದು ಸಮಾಜವಾದದ ಜಿಲ್ಲೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಇಲ್ಲಿ, ಶಾಂತವೇರಿ ಗೋಪಾಲಗೌಡರು ಓಡಾಡಿದ್ದು ಇಲ್ಲಿ. ಉಳುವವನಿಗೆ ಭೂಮಿ ಎಂಬ ಮಾತನ್ನು ಇಡೀ ರಾಜ್ಯಕ್ಕೆ ಕಲಿಸಿದ ಹೆಮ್ಮೆ ನಮಗಿದೆ, ಇರಲೇಬೇಕು. ಆ ಮಾತನ್ನು ಚರ್ಚಿಸಲು ಎಷ್ಟು ಮನೆಗಳ ಜಗಲಿಯಲ್ಲಿ ರಾತ್ರಿಯಿಡೀ ಕೂತರೋ, ಒಳಗಿನಿಂದ ಎಷ್ಟು ಸಲ ಕಾಫಿ ಬಂತೋ! ಉಳುವವನಿಗೆ ಭೂಮಿ ಸಿಕ್ಕಿತು. ಬೇಯಿಸುವವಳಿಗೆ ಬಿಸಿ ಅನ್ನ ಎಂದು ಯಾರೂ ಒಂದು ಕರಪತ್ರ ಹಾಕಲಿಲ್ಲ.

ಹಾಗಾದರೆ ಮನೆಮನೆಗೂ ಬೆಲ್ಟು ಹಾಕಿಸಬೇಕೇ ಎಂದು ನಗಬಹುದು. ಬೇಡ. ಬೆಲ್ಟು ಮಾಡುವ ಕೆಲಸವನ್ನು ಒಂದು ಮೇಜು ಮಾಡಬಲ್ಲದು, ಚಾಪೆಯೂ ಮಾಡಬಲ್ಲದು. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲವನ್ನೂ ನಡುವೆ ತಂದಿಟ್ಟು ಎಲ್ಲರೂ ಒಟ್ಟಿಗೆ ಕೂರುವುದು. ಬೇಕಾದವರು ಕೈ ಚಾಚಿ ಹಾಕಿಕೊಳ್ಳುವುದು. ಚಾಚುವ ಕೈಗೆ ಏನೂ ಆಗುವುದಿಲ್ಲ, ನಾನು ನೋಡಿದ್ದೇನೆ, ಎಂಬತ್ತರ ಮುದುಕರೂ ಚಾಚುತ್ತಾರೆ. ದೋಸೆಯ ದಿನ ಕಾವಲಿ ಒಬ್ಬರದೇ ಅಲ್ಲ, ಸರದಿ. ನಮ್ಮ ಮನೆಯವರ ಮೊದಲ ಸರದಿಯ ದಿನ ಕಾವಲಿ ಬಿಟ್ಟು ಎದ್ದು ಬಂದ ದೋಸೆ ಒಂದೂ ಇಲ್ಲ. ಈರುಳ್ಳಿ ಅರ್ಧ ಕತ್ತರಿಸಿ ಕಾವಲಿಗೆ ತಿಕ್ಕಬೇಕೆಂದು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವರಿಗೆ ಹೇಗೆ ಗೊತ್ತಿರಬೇಕು? ಈಗ ಗೊತ್ತಾಗಿದೆ. ಅವರ ದೋಸೆ ಶ್ರೀಲಂಕೆಯ ಆಕಾರದಲ್ಲಿರುತ್ತದೆ, ತಳ ಸ್ವಲ್ಪ ಸೀದಿರುತ್ತದೆ, ಆದರೆ ಬಿಸಿಯಾಗಿರುತ್ತದೆ. ಬಿಸಿ ದೋಸೆ ಇಷ್ಟು ರುಚಿಯೆಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ಸೊಸೆಯರಿಗೆ, ಹೆಣ್ಣುಮಕ್ಕಳಿಗೆ ಇದನ್ನು ಹೇಳಿದರೆ, “ನಾವು ಕೂತರೆ ಅತ್ತೆ ಏನನ್ನುತ್ತಾರೋ” ಎನ್ನುತ್ತಾರೆ. ನಿಜ. ಕೊನೆಗೆ ಉಂಡು ಉಂಡು ಅತ್ತೆಯಾದವರಿಗೆ, ತಾನು ಪಟ್ಟದ್ದನ್ನು ಇವಳು ಪಡದೆ ಹೋದರೆ ಏನೋ ಕಳೆದುಕೊಂಡಂತಾಗುತ್ತದೆ. ಆದ್ದರಿಂದ ಮೊದಲು ಕೂರಬೇಕಾದವರು ಅತ್ತೆಯರೇ. ನಮ್ಮ ವಯಸ್ಸಿನವರು ಸೊಸೆಯ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರೆ ಯಾವ ಗಂಡಸಿನ ಬಾಯಿಂದಲೂ ಮಾತು ಹೊರಡದು.

ಪೂಜೆ, ನಾಮಕರಣ, ತಿಥಿ, ಹಬ್ಬ ಇದ್ದ ದಿನ ಮನೆಯಲ್ಲಿ ಪಂಕ್ತಿ ಹಾಕಲೇಬೇಕಾದರೆ ಹಾಕಿ. ನೈವೇದ್ಯವಾದ ಮೇಲೆ ಮೊದಲ ಪಂಕ್ತಿಗೆ ಅಡುಗೆ ಮಾಡಿದವರು ಕೂರಲಿ. ಬೆಳಗಿನ ನಾಲ್ಕಕ್ಕೆ ಎದ್ದು ಕಾಯಿ ತುರಿದವರು, ಹೋಳಿಗೆ ಲಟ್ಟಿಸಿದವರು, ಪಾತ್ರೆ ತೊಳೆಯಲು ಬಂದ ಹೆಂಗಸು, ಎಲ್ಲರೂ. ಹಾಗಾದರೆ ಬಡಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕೈಯಾರೆ ಪ್ರೀತಿಯಿಂದ ಬಡಿಸುವವರು ಜಗಲಿಯಲ್ಲಿ ಬೇಕಾದಷ್ಟು ಜನ ಕೂತಿರುತ್ತಾರೆ, ಪೇಪರು ಮಡಿಸಿಟ್ಟು ಬರಲಿ. ಬಕೆಟ್ಟುಗಳನ್ನು ಅಡುಗೆಮನೆಯ ಬಾಗಿಲಲ್ಲೇ ಇಟ್ಟಿರುತ್ತೇವೆ, ಸೌಟು ಒಳಗೇ ಇದೆ. ಸಾರಿನ ಬಕೆಟ್ಟು ಸುಡುತ್ತದೆ, ಹಿಡಿಗೆ ಬಟ್ಟೆ ಸುತ್ತಿಕೊಳ್ಳಿ.